ಮೆಟ್ಟಿಲಲ್ಲಿ ಕಾಣೆಯಾದ ಎರಡು ಇಂಚು

ಶನಿವಾರ. ಮೇಸ್ತ್ರಿ ಬರುವ ಮೊದಲು ಮೆಟ್ಟಿಲು ಅಳೆದಿಡೋಣವೆಂದು ಕೂತೆ. ಮಹಡಿಯ ಅಂಚಿನಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ 121 ಇಂಚು. 16 ಮೆಟ್ಟಿಲು, ಕೊನೆಯ ಹೆಜ್ಜೆ ಮಹಡಿಗೆ. ಒಟ್ಟು 17 ಏರು. ಒಂದೊಂದನ್ನೂ ಅಳೆದು ಕೂಡಿಸಿದರೆ 119. ಮತ್ತೆ ಅಳೆದೆ. ಅದೇ 119. ಎರಡು ಇಂಚು ಎಲ್ಲಿ ಹೋಯಿತು?

ಏರುಗಳೂ ಸಮ ಇಲ್ಲ. ನಡುವಿನ 15 ಏಳೇಳು ಇಂಚು, ಮೊದಲನೆಯದು ಐದೂವರೆ, ಕೊನೆಯದು ಎಂಟೂವರೆ! ಇದರ ಕಾರಣ ಬೇಗ ಹೊಳೆಯಿತು. ಹಿಂದೊಮ್ಮೆ ಕೆಳಗೂ ಮೇಲೂ ರೆಡ್ ಆಕ್ಸೈಡ್ ನೆಲದ ಮೇಲೇ ಟೈಲ್ಸ್ ಹಾಕಿಸಿದ್ದೆವು. ಗಾರೆ ಸೇರಿ ಒಂದೂವರೆ ಇಂಚು. ಮೆಟ್ಟಿಲನ್ನು ಮಾತ್ರ ಹಾಗೇ ಬಿಟ್ಟಿದ್ದೆವು.

ಕಾಣೆಯಾದ ಎರಡು ಇಂಚು ಸಿಕ್ಕಿದ್ದು ರಸಮಟ್ಟ ಇಟ್ಟಾಗ. ಪ್ರತಿ ಮೆಟ್ಟಿಲೂ ಮುಂದಕ್ಕೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ ಇಳಿದಿದೆ. ಹದಿನಾರು ನೂಲು ಸೇರಿದರೆ ಎರಡು ಇಂಚು. "ತೊಳೆದ ನೀರು ಇಳೀಲಿ ಅಂತ ವಾಟ ಕೊಟ್ಟಿರ್ತಾರೆ ಸಾರ್" ಎಂದರು ಮೇಸ್ತ್ರಿ ಫೋನಿನಲ್ಲಿ.

ಎರಡು ಏರು, ಒಂದು ಅಗಲ ಕೂಡಿದರೆ ಒಂದು ಹೆಜ್ಜೆಯ ಅಳತೆ: ಇದು 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೊಂಡೆಲ್ ಕೊಟ್ಟ ಲೆಕ್ಕ. ಈಗ ಸಾಮಾನ್ಯವಾಗಿ 60ರಿಂದ 64 ಸೆಂ.ಮೀ. ಇರಲಿ ಎನ್ನುತ್ತಾರೆ. ನಮ್ಮ ಮೆಟ್ಟಿಲಿನ ಅಗಲ ಒಂಬತ್ತೂವರೆ ಇಂಚು. ವಾಟ ಸೇರಿಸಿದರೆ ನಡುವಿನವು 60 ದಾಟುತ್ತವೆ, ಬಿಟ್ಟರೆ ದಾಟುವುದಿಲ್ಲ. ಮೊದಲನೆಯದು 52, ಕೊನೆಯದು 68ರ ಹತ್ತಿರ. ಮನೆಗೆ ಬಂದವರು ಹತ್ತಿ ಮುಗಿಯುವಾಗಲೇ ಎಡವುವುದು ಏಕೆಂದು ಈಗ ಗೊತ್ತಾಯಿತು. ಅವರ ಕಾಲು ಹದಿನೈದು ಸಲ ಕಲಿತದ್ದನ್ನು ಹದಿನಾರನೇ ಸಲ ನಂಬುತ್ತದೆ.

ಅಮ್ಮ ಮಾತ್ರ ಎಡವಿದ್ದಿಲ್ಲ. ಕೊನೆಯ ಏರಿನ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಕಲೆ ಇದೆ. "ಇಲ್ಲಿ ಯಾಕಮ್ಮ ಗೋಡೆ ಹಿಡೀತೀಯ?" ಎಂದೆ. "ನಾನಾ? ಎಲ್ಲಿ ಹಿಡೀತೀನಿ?" ಎಂದಳು. ಕೇಳಿದ ಮೇಲೆ ಹತ್ತಿದಳು. ಹಿಡಿದಳು.

ಪರಿಹಾರ ಸುಲಭವಂತೆ: ಮೆಟ್ಟಿಲಿಗೂ ಒಂದೂವರೆ ಇಂಚು ಏರಿಸಿದರೆ ಮೊದಲನೆಯದೂ ಏಳು, ಕೊನೆಯದೂ ಏಳು. ಸರಿ. ಆದರೆ ಎಂಟೂವರೆ ಇಂಚಿಗೆ ಎತ್ತಿ ರೂಢಿಯಾದ ಆ ಕಾಲು ಏಳಕ್ಕೆ ಇಳಿಯಲು ಎಷ್ಟು ದಿನ ಬೇಕು? ಅಷ್ಟು ದಿನ ಏನು ಮಾಡುವುದು?

ಗೋಡೆಯ ಕಲೆಯನ್ನೂ ಅಳೆದೆ. ಮೆಟ್ಟಿಲಿನಿಂದ 31 ಇಂಚು ಮೇಲೆ. ಹಿಡಿಕಂಬಿ ಅಲ್ಲಿಗೇ, ಕೆಲಸ ಶುರುವಾಗುವ ಮೊದಲೇ.