ಗಾಜಿನ ಮೇಲಿನ ಚುಕ್ಕಿಗಳು

ಹುಣಸೂರಿನ ನಮ್ಮ ಮನೆಯ ಹಜಾರದಲ್ಲಿ ಮೊಮ್ಮಗಳ ಮೀನಿನ ತೊಟ್ಟಿಯಿದೆ. ಒಂದು ಬೆಳಿಗ್ಗೆ ಅದರ ಗಾಜಿನ ಮೇಲೆ ರವೆಯಷ್ಟು ಸಣ್ಣ ಬಿಳಿ ಚುಕ್ಕಿಗಳು ಕುಪ್ಪಳಿಸುತ್ತಿದ್ದವು. ‘ಅಯ್ಯೋ, ಹುಳ!’ ಎಂದವಳೇ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಪಾತ್ರೆ ಉಜ್ಜಿದಂತೆ ಉಜ್ಜಿ, ನಲ್ಲಿ ನೀರು ತುಂಬಿಸಿದೆ. ಸಂಜೆಗೆ ಎರಡು ಮೀನು ಸತ್ತು ತೇಲಿದವು.

“ಹುಳ ಕಚ್ಚಿತಾ ಅಜ್ಜಿ?” ಎಂದಿತು ಮಗು. ನಾನು ಹೂಂ ಎಂದುಬಿಟ್ಟೆ.

ಹದಿನೈದು ದಿನಕ್ಕೆ ಚುಕ್ಕಿಗಳು ಮತ್ತೆ ಬಂದವು. ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ಒಂಟಿ ಕಣ್ಣು, ಬಾಲದ ಅಕ್ಕಪಕ್ಕ ಮೊಟ್ಟೆಯ ಚೀಲ: ಸೈಕ್ಲಾಪ್ಸ್! ಹಿಂದೆ ಮೆಟ್ಟಿಲು ಬಾವಿಗಳ ನೀರಿನಲ್ಲಿ ನಾರುಹುಣ್ಣಿನ ಮರಿಹುಳುವನ್ನು ಹೊತ್ತಿದ್ದು ಈ ಕುಲವೇ. ಜನ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿತರು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ತೊಟ್ಟಿಯಲ್ಲಿ ಅದು ನಿರಪರಾಧಿ, ಮೀನಿಗೆ ಆಹಾರ ಕೂಡ. ನಾವು ಹಾಕಿದ ಹೆಚ್ಚಿನ ತಿಂಡಿ ಕೊಳೆತದ್ದರಿಂದಲೇ ಅದು ಅಷ್ಟು ಹೆಚ್ಚಿತ್ತು. ಮೀನನ್ನು ಕೊಂದದ್ದು ನಲ್ಲಿ ನೀರಿನ ಕ್ಲೋರಿನ್, ಜೊತೆಗೆ ನನ್ನ ಮಡಿ.

ಈಗ ಚಿಟಿಕೆ ತಿಂಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲು, ಅದೂ ರಾತ್ರಿಯಿಡೀ ಬಾಯಗಲದ ಪಾತ್ರೆಯಲ್ಲಿಟ್ಟದ್ದು.

ಮೊಮ್ಮಗಳನ್ನು ಕರೆದು, “ಹುಳದ್ದಲ್ಲ ಪುಟ್ಟಿ, ತಪ್ಪು ನನ್ನದು” ಎಂದೆ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳಿಗೆ ಅದೇ ಕಷ್ಟದ ಪಾಠವಾಯಿತು.