ತಡೆದವನ ಲೆಕ್ಕ

ಫುಟ್‌ಬಾಲ್ ಪಂದ್ಯದ ವರದಿಯಲ್ಲಿ ಗೋಲು ಹೊಡೆದವನ ಹೆಸರಿಗೆ ಒಂದು ಸಾಲು ಮೀಸಲಾಗಿರುತ್ತದೆ. ಗೋಲಾಗಗೊಡದೆ ತಡೆದವನಿಗೆ ಅಂಥ ಸಾಲಿಲ್ಲ. ನಡೆಯದೆ ಹೋದ ಸಂಗತಿಯನ್ನು ಯಾರು, ಹೇಗೆ ಬರೆದಿಡಬೇಕು? ರಕ್ಷಣಾ ಆಟಗಾರರೆಲ್ಲರಿಗೂ ಅನ್ವಯಿಸುವ ಈ ಪ್ರಶ್ನೆ ಪರಾಗ್ವೆಯ ಕಾರ್ಲೋಸ್ ಗಮರ್ರಾನ ವೃತ್ತಿಜೀವನದಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಎದುರಾಗುತ್ತದೆ.

ಪರಾಗ್ವೆ ಕಡಲತೀರವಿಲ್ಲದ ಪುಟ್ಟ ದೇಶ; ಸ್ಪ್ಯಾನಿಷ್ ಜೊತೆಗೆ ಗ್ವಾರಾನಿಯೂ ಅಲ್ಲಿ ಜನರ ಆಡುಮಾತು. ಬ್ರೆಜಿಲ್ ಮತ್ತು ಅರ್ಜೆಂಟೀನಗಳಂಥ ಬಲಾಢ್ಯರು ಅದರ ನೆರೆಹೊರೆ. ಅಲ್ಲಿನ ಇಪಕರಾಯಿ ಎಂಬ ಊರಿನಲ್ಲಿ 1971ರಲ್ಲಿ ಜನಿಸಿದ ಗಮರ್ರಾ, ರಾಜಧಾನಿಯ ಸೆರ್ರೊ ಪೋರ್ತೆನ್ಯೊ ತಂಡದಿಂದ ಆಟ ಆರಂಭಿಸಿದ. ಮುಂದೆ ಬ್ರೆಜಿಲ್, ಪೋರ್ಚುಗಲ್, ಸ್ಪೇನ್, ಗ್ರೀಸ್, ಇಟಲಿಗಳ ತಂಡಗಳಲ್ಲಿ ಆಡಿದ. ಊರು ಬದಲಾಯಿತು, ಅಂಗಿಯ ಬಣ್ಣ ಬದಲಾಯಿತು; ಕೆಲಸ ಮಾತ್ರ ಬದಲಾಗಲಿಲ್ಲ.

ಆ ಕೆಲಸದ ಸೊಗಸು ಲೋಕಕ್ಕೆ ಕಂಡದ್ದು 1998ರಲ್ಲಿ, ಫ್ರಾನ್ಸಿನ ವಿಶ್ವಕಪ್‌ನಲ್ಲಿ. ಬಲ್ಗೇರಿಯ ಮತ್ತು ಸ್ಪೇನ್ ತಂಡಗಳಿಗೆ ಪರಾಗ್ವೆ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ನೈಜೀರಿಯವನ್ನು 3-1ರಿಂದ ಸೋಲಿಸಿತು. ಲೆನ್ಸ್ ನಗರದಲ್ಲಿ ಆತಿಥೇಯ ಫ್ರಾನ್ಸ್ ಎದುರಾದಾಗ ಗಮರ್ರಾನ ಭುಜಕ್ಕೆ ಪೆಟ್ಟಾಯಿತು. ತೋಳನ್ನು ಬಿಗಿದು ಕಟ್ಟಿಸಿಕೊಂಡು ಆತ ಆಟ ಮುಂದುವರಿಸಿದ. ನಿಗದಿತ ತೊಂಬತ್ತು ನಿಮಿಷಗಳು ಗೋಲಿಲ್ಲದೆ ಮುಗಿದವು. ಹೆಚ್ಚುವರಿ ಅವಧಿ ತೀರಲು ಕೆಲವೇ ನಿಮಿಷಗಳಿದ್ದಾಗ ಲೊರಾನ್ ಬ್ಲಾಂಕ್ ಹೊಡೆದ ಗೋಲು ಎಲ್ಲವನ್ನೂ ಮುಗಿಸಿತು. ವಿಶ್ವಕಪ್ ಇತಿಹಾಸದ ಮೊದಲ 'ಸುವರ್ಣ ಗೋಲು' ಅದೇ.

ಅಷ್ಟೂ ಪಂದ್ಯಗಳಲ್ಲಿ ಗಮರ್ರಾ ಒಂದೇ ಒಂದು ಫೌಲ್ ಮಾಡಿರಲಿಲ್ಲ. ಎದುರಾಳಿಯ ಅಂಗಿ ಜಗ್ಗುವುದು, ಕಾಲಿಗೆ ಅಡ್ಡಗಾಲು ಕೊಡುವುದು ರಕ್ಷಣಾ ಆಟಗಾರನಿಗೆ ನಿತ್ಯದ ಆಮಿಷಗಳು. ತಡವಾಗಿ ತಲುಪಿದವನೇ ಅವುಗಳಿಗೆ ಶರಣಾಗುವುದು. ಚೆಂಡು ಎಲ್ಲಿಗೆ ಬರಲಿದೆಯೆಂಬುದನ್ನು ಮೊದಲೇ ಓದಿ ಅಲ್ಲಿ ನಿಂತಿರುವವನಿಗೆ ಅವುಗಳ ಅಗತ್ಯ ಬೀಳದು. ಗಮರ್ರಾನ ಸಜ್ಜನಿಕೆಯ ಹಿಂದೆ ಇದ್ದದ್ದು ಈ ಮುಂಗಾಣ್ಕೆಯೇ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಿರಿಯರ ತಂಡಕ್ಕೆ ಹಿರಿಯನಾಗಿ ಜೊತೆಗೂಡಿ, ಬೆಳ್ಳಿ ಪದಕದಲ್ಲಿ ಆತನೂ ಪಾಲುದಾರನಾದ. ಪರಾಗ್ವೆ ಯಾವುದೇ ಕ್ರೀಡೆಯಲ್ಲಿ ಪಡೆದ ಮೊದಲ ಒಲಿಂಪಿಕ್ ಪದಕ ಅದು.

ಎರಡು ವರ್ಷಗಳ ಬಳಿಕ, ಜರ್ಮನಿಯ ವಿಶ್ವಕಪ್. ಇಂಗ್ಲೆಂಡ್ ವಿರುದ್ಧದ ಪಂದ್ಯದ ಮೂರನೆಯ ನಿಮಿಷದಲ್ಲಿ ಬೆಕಮ್ ಒದ್ದ ಫ್ರೀ ಕಿಕ್ ಗಮರ್ರಾನ ತಲೆಗೆ ತಾಗಿ ಪರಾಗ್ವೆಯ ಬಲೆಯನ್ನೇ ಸೇರಿತು. ಪಂದ್ಯದ ಏಕೈಕ ಗೋಲು ಅದು. ಬೇಲಿಯೇ ಎದ್ದು ಹೊಲ ಮೇಯಿತೆಂದು ದೂರಬಹುದು. ಆದರೆ ಚೆಂಡು ಬೀಳುವ ಜಾಗದಲ್ಲಿ ಮೊದಲೇ ಇರಬೇಕೆಂಬ ಆಜೀವ ಅಭ್ಯಾಸವೇ ಆತನನ್ನು ಅಲ್ಲಿಗೆ ಕರೆತಂದಿತ್ತು. ದೂರದಲ್ಲಿ ನಿಂತವನಿಗೆ ಇಂಥ ಪ್ರಮಾದ ಸಂಭವಿಸುವುದಿಲ್ಲ.

110 ಅಂತಾರಾಷ್ಟ್ರೀಯ ಪಂದ್ಯಗಳನ್ನಾಡಿ ಗಮರ್ರಾ ನಿವೃತ್ತನಾದ. ಫ್ರಾಂಕ್‌ಫರ್ಟಿನ ಆ ಪಂದ್ಯದ ವರದಿಯಲ್ಲಿ ಆತನ ಹೆಸರಿನ ಮುಂದೆ ಒಂದು ಗೋಲು ದಾಖಲಾಗಿದೆ. ತಡೆದ ಗೋಲುಗಳೆಷ್ಟೆಂಬುದು ಎಲ್ಲಿಯೂ ಬರೆದಿಲ್ಲ; ಆಟವನ್ನು ಕಣ್ಣಿಟ್ಟು ನೋಡಿದವರ ನೆನಪಿನಲ್ಲಷ್ಟೇ ಆ ಲೆಕ್ಕ ಉಳಿದಿದೆ.