ಮಳೆಯಿಲ್ಲದೆಯೂ ಉಕ್ಕುವ ನದಿ

ಅಟ್ಲಾಸಿನಲ್ಲಿ ರಷ್ಯಾದ ಪುಟ ತೆರೆದರೆ ಪೂರ್ವ ಸೈಬೀರಿಯದಲ್ಲಿ ಲೇನಾ ನದಿ ಕಾಣುತ್ತದೆ. ಬೈಕಲ್ ಸರೋವರದ ಬಳಿಯ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 4,300 ಕಿಲೋಮೀಟರ್ ಹರಿದು, ಉತ್ತರದ ಹಿಮಸಾಗರವನ್ನು ಸೇರುವ ಮಹಾನದಿ ಇದು. ಇದರ ದಂಡೆಯ ಮೇಲಿದೆ ಲೆನ್ಸ್ಕ್ ಎಂಬ ಪಟ್ಟಣ. ವಜ್ರದ ಗಣಿಗಳಿಗೆ ಹೆಸರಾದ ಮಿರ್ನಿಗೆ ಬೇಕಾದ ಸರಕುಗಳು ದೋಣಿಯಿಂದ ಇಳಿಯುವುದು ಇಲ್ಲಿಯೇ. ಊರಿಗೆ ಅನ್ನ ಕೊಡುವುದೂ ನದಿ, ಭಯ ಹುಟ್ಟಿಸುವುದೂ ನದಿ.

ಅಕ್ಟೋಬರ್ ಹೊತ್ತಿಗೆ ನೀರು ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಹರಿಯುವ ನದಿ ನಿಂತ ಕೆರೆಯ ಹಾಗೆ ಸದ್ದಿಲ್ಲದೆ ಹೆಪ್ಪುಗಟ್ಟುವುದಿಲ್ಲ. ಸುಳಿಯುವ ನೀರಿನೊಳಗೆ ಮೊದಲು ಸಣ್ಣ ಹರಳುಗಳು ಮೂಡುತ್ತವೆ. ಅವು ಒಂದಕ್ಕೊಂದು ಅಂಟಿಕೊಂಡು ಮೇಲೆ ತೇಲಿ, ದೋಸೆಯಂಥ ದುಂಡನೆಯ ಬಿಲ್ಲೆಗಳಾಗುತ್ತವೆ. ಬಿಲ್ಲೆಗಳು ಬೆಸೆದು ದಂಡೆಯಿಂದ ದಂಡೆಗೆ ಮುಚ್ಚಳ ಬೀಳುತ್ತದೆ. ಚಳಿಗಾಲ ಮುಗಿಯುವ ವೇಳೆಗೆ ಅದರ ದಪ್ಪ ಒಂದು ಮೀಟರಿಗೂ ಹೆಚ್ಚು. ಮೇಲೆ ಲಾರಿಗಳು ಓಡುತ್ತವೆ, ಅಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ.

ತೊಡಕು ಇರುವುದು ನದಿ ಹರಿಯುವ ದಿಕ್ಕಿನಲ್ಲಿ. ವಸಂತದ ಬಿಸಿಲು ಮೊದಲು ತಾಗುವುದು ದಕ್ಷಿಣಕ್ಕೆ, ಅಂದರೆ ನದಿಯ ಮೇಲ್ಭಾಗಕ್ಕೆ. ಅಲ್ಲಿ ಹಿಮ ಕರಗಿ ನೀರು ಏರುತ್ತದೆ. ಮಂಜುಗಡ್ಡೆಯ ಮುಚ್ಚಳ ಎತ್ತಿಹಿಡಿದಂತಾಗಿ ಒಡೆಯುತ್ತದೆ. ಮನೆಯಗಲದ ಚಪ್ಪಡಿಗಳು ಉತ್ತರಕ್ಕೆ ನುಗ್ಗುತ್ತವೆ. ಆದರೆ ಉತ್ತರದಲ್ಲಿ ನದಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ! ತಿರುವಿನಲ್ಲೋ ನಡುಗಡ್ಡೆಯ ಬಳಿಯೋ ಚಪ್ಪಡಿಗಳು ಒಂದರ ಮೇಲೊಂದು ಏರಿ ಸಿಕ್ಕಿಹಾಕಿಕೊಳ್ಳುತ್ತವೆ. ಯಾರೂ ಕಟ್ಟದ ಅಣೆಕಟ್ಟು ಎದ್ದು ನಿಲ್ಲುತ್ತದೆ. ಹಿಂದಿನ ನೀರು ಗಂಟೆಗಳಲ್ಲಿ ಊರು ಹೊಗುತ್ತದೆ. ಇದಕ್ಕೆ ಮಳೆಯೇ ಬೇಕಿಲ್ಲ.

2001ರ ಮೇ ತಿಂಗಳಲ್ಲಿ ಲೆನ್ಸ್ಕ್‌ನಲ್ಲಿ ಆದದ್ದು ಇದೇ. ಆ ವರ್ಷದ ಚಳಿ ಕಡುಘೋರವಾಗಿತ್ತು, ಮಂಜುಗಡ್ಡೆಯೂ ಎಂದಿಗಿಂತ ದಪ್ಪವಾಗಿತ್ತು. ಊರಿನ ಕೆಳಗೆ ತಡೆ ಬಿದ್ದಿತು. ಅದನ್ನು ಒಡೆಯಲು ಯುದ್ಧವಿಮಾನಗಳು ಬಂದು ಬಾಂಬು ಹಾಕಿದವು. ಆದರೂ ಪಟ್ಟಣ ಮುಳುಗಿತು. ಸಾವಿರಾರು ಮರದ ಮನೆಗಳು ಹಾಳಾದವು. ಕೆಲವು ಬುಡಸಮೇತ ತೇಲಿಹೋದವು. ಮೂರು ವರ್ಷ ಹಿಂದೆ, 1998ರಲ್ಲಿಯೂ ಊರು ನೆರೆ ಕಂಡಿತ್ತು.

ಮುಂದಿನ ಚಳಿಗಾಲ ಬರುವ ಮುನ್ನ ಮನೆಗಳನ್ನು ಕಟ್ಟಲೇಬೇಕಿತ್ತು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿಯುವ ನಾಡಿನಲ್ಲಿ ಸೂರಿಲ್ಲದೆ ಬದುಕುವುದುಂಟೆ? ಲೆನ್ಸ್ಕ್ ಮತ್ತೆ ಅದೇ ದಂಡೆಯಲ್ಲಿ ಎದ್ದಿತು. ನದಿಗೂ ಊರಿಗೂ ನಡುವೆ ಒಡ್ಡು ಬಂದಿತು.

ಲೇನಾ ತೀರದಲ್ಲಿ ಈಗ ಬಾಂಬಿಗಿಂತ ಮುನ್ನೆಚ್ಚರಿಕೆಗೆ ಹೆಚ್ಚು ಬೆಲೆ. ವಸಂತಕ್ಕೆ ಮೊದಲೇ ಅಪಾಯದ ಜಾಗಗಳಲ್ಲಿ ಮಂಜುಗಡ್ಡೆಯನ್ನು ಗರಗಸದಿಂದ ಸೀಳಿಡುತ್ತಾರೆ. ಮೇಲೆ ಮರಳು, ಬೂದಿಯಂಥ ಕಪ್ಪು ಪುಡಿ ಹರಡುತ್ತಾರೆ. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕಟ್ಟುತ್ತದೆ, ಕಪ್ಪು ಅದನ್ನು ಹೀರಿ ಗಡ್ಡೆಯನ್ನು ಬೇಗ ಕರಗಿಸುತ್ತದೆ. ಶಾಲೆಯ ಪುಸ್ತಕದ ಈ ಸಣ್ಣ ಪಾಠವೇ ಅಲ್ಲಿ ಊರು ಕಾಯುವ ಉಪಾಯ.

ಮೇ ತಿಂಗಳಲ್ಲಿ ಗಡ್ಡೆ ಸರಾಗವಾಗಿ ಸಾಗಿಹೋದರೆ ಊರು ನಿಟ್ಟುಸಿರು ಬಿಡುತ್ತದೆ. ತಿಂಗಳುಗಟ್ಟಲೆ ರಸ್ತೆಯಾಗಿದ್ದ ಲೇನಾ ಮತ್ತೆ ನದಿಯಾಗುತ್ತದೆ.